ಅಂಗಳದ ಸಿಪ್ಪೆಯಿಂದ ಸಸಿಯ ಗೊಬ್ಬರ: ಎರೆಹುಳಕ್ಕೂ ಗಿಡಕ್ಕೂ ಬೇಕಾದ ಕಾಲ ಕೊಡಿ

ಕಾಸರಗೋಡು: ಅಡಿಕೆ ಪೇಟೆಗೆ ಹೋಗುತ್ತದೆ, ಸಿಪ್ಪೆ ಅಂಗಳದಲ್ಲಿ ಉಳಿಯುತ್ತದೆ. ಕೊಕ್ಕೋ ಬೀಜ ಮಾರಾಟವಾಗುತ್ತದೆ, ಒಡೆದ ಕಾಯಿಯ ತೊಗಟೆ ತೋಟದಲ್ಲೇ ಬಿದ್ದಿರುತ್ತದೆ. ತೆಂಗಿನಕಾಯಿ ಸುಲಿದರೆ ಸಿಪ್ಪೆ, ನಾರು ತೆಗೆದರೆ ಹುಡಿ, ಕಾಫಿ ಹಣ್ಣು ಪಲ್ಪರಿಗೆ ಹಾಕಿದರೆ ಸಿಪ್ಪೆಯ ರಾಶಿ. ಇದರಲ್ಲಿ ಸ್ವಲ್ಪ ಬಚ್ಚಲೊಲೆಗೆ ಹೋಗುತ್ತದೆ, ಸ್ವಲ್ಪ ಅಡಿಕೆ ಬುಡಕ್ಕೆ ಬೀಳುತ್ತದೆ. ಉಳಿದದ್ದು ಮಳೆಗೆ ನೆನೆದು ಕೊಳೆಯುತ್ತದೆ ಇಲ್ಲವೇ ಬೆಂಕಿಗೆ ಹೋಗುತ್ತದೆ.

ಇದೇ ಮನೆಯವರು ಮಳೆಗಾಲ ಹತ್ತಿರವಾದಾಗ ಸಸಿಗಾಗಿ ನರ್ಸರಿಗೆ ಹೋಗುತ್ತಾರೆ. ಹಳದಿ ಎಲೆ ರೋಗದಿಂದ ಮರ ಕಳಕೊಂಡವರು, ಹಳೆಯ ತೋಟ ಕಡಿದು ಹೊಸದು ಹಾಕುವವರು, ಸತ್ತ ಮರಗಳ ಜಾಗ ತುಂಬಿಸುವವರು, ಎಲ್ಲರಿಗೂ ಸಸಿ ಬೇಕು. ಮನೆಯಲ್ಲೇ ಸಸಿ ಮಾಡುವವರಿಗೂ ಹಟ್ಟಿಗೊಬ್ಬರದ ಕೊರತೆ. ದನ ಸಾಕುವ ಮನೆಗಳು ಕಡಿಮೆಯಾಗಿವೆ. ದೂರದಿಂದ ಲಾರಿಯಲ್ಲಿ ಬರುವ ಗೊಬ್ಬರದಲ್ಲಿ ಏನೇನು ಸೇರಿದೆ ಎಂದು ತಿಳಿಯುವುದಿಲ್ಲ.

ಅಂಗಳದ ಈ ಕಸವನ್ನು ಎರೆಗೊಬ್ಬರ ಮಾಡಿ ನರ್ಸರಿಗೆ ಬಳಸಬಹುದು ಎಂಬುದು ಹೊಸ ಸಂಗತಿಯಲ್ಲ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಸಿಆರ್‌ಐ, ಇದರ ಕ್ರಮವನ್ನು ಬಹಳ ಹಿಂದೆಯೇ ರೂಪಿಸಿದೆ. ಆದರೂ ಮಾಡಿ ಕೈಬಿಟ್ಟವರು ಇದ್ದಾರೆ. ಹೆಚ್ಚಿನ ಕಡೆ ತಪ್ಪಿದ್ದು ಹುಳದಿಂದಲ್ಲ, ಅವಸರದಿಂದ. ಬೆಳೆದ ಮರ ಅರ್ಧ ಕೊಳೆತ ಗೊಬ್ಬರವನ್ನೂ ತಾಳಿಕೊಳ್ಳುತ್ತದೆ, ಅದರ ಬೇರು ಬೇರೆ ಕಡೆ ಹರಿಯುತ್ತದೆ. ಚೀಲದೊಳಗಿನ ಸಸಿಗೆ ಆ ದಾರಿ ಇಲ್ಲ. ಕೊಟ್ಟದ್ದನ್ನೇ ಉಣ್ಣಬೇಕು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಸಸಿಯ ದೋಷ ಆಗ ಗೊತ್ತಾದರೆ ಪ್ರಯೋಜನವಿಲ್ಲ.

ಹಾಗಾಗಿ ಸಸಿಗೆ ಬೇಕಾದ ಎರೆಗೊಬ್ಬರಕ್ಕೆ ಮೂರು ಹಂತ ಉಂಟು: ಮೊದಲು ಹುಳವಿಲ್ಲದೆ ಕೊಳೆಯುವುದು, ಆಮೇಲೆ ಹುಳ ತಿನ್ನುವುದು, ಕೊನೆಗೆ ಗೊಬ್ಬರ ಹಣ್ಣಾಗುವುದು. ಯಾವುದನ್ನೂ ಬಿಡುವಂತಿಲ್ಲ.

ಯಾವ ಕಸದ ಗುಣ ಹೇಗೆ?

ತೆಂಗಿನ ಮಡಲು: ಇದು ಸಂಸ್ಕರಣೆಯ ಕಸವಲ್ಲ, ತೋಟದ ಕಸ. ಆದರೂ ಇಲ್ಲಿನ ಎರೆಗೊಬ್ಬರದ ಅಳತೆಗಳೆಲ್ಲ ಇದರ ಮೇಲೆ ನಿಂತಿವೆ. ಒಂದು ಹೆಕ್ಟೇರ್ ತೆಂಗಿನ ತೋಟದಿಂದ ವರ್ಷಕ್ಕೆ ಸುಮಾರು 6ರಿಂದ 8 ಟನ್ ಮಡಲು ಸಿಗುತ್ತದೆ. ಬುಡದ ಗಟ್ಟಿ ಭಾಗವನ್ನು ಕಡಿದು ತೆಗೆದರೆ ಉಳಿದದ್ದನ್ನು ಹುಳ ತಿನ್ನುತ್ತದೆ. ಸಿಪಿಸಿಆರ್‌ಐ ಲೆಕ್ಕದಂತೆ ಹಾಕಿದ ಮಡಲಿನ ತೂಕದ ಸುಮಾರು ಶೇ. 70ರಷ್ಟು ಗೊಬ್ಬರ ಸಿಗುತ್ತದೆ. ಅದರಲ್ಲಿ ಸಾರಜನಕ ಶೇ. 1.8ರಿಂದ 2.1ರಷ್ಟಿರುತ್ತದೆ. ರಂಜಕ ಮತ್ತು ಪೊಟ್ಯಾಷ್ ಮಾತ್ರ ಕಡಿಮೆ.

ಅಡಿಕೆ ಸೋಗೆ ಮತ್ತು ಹಾಳೆ: ಮಡಲಿಗಿಂತ ಮೆತ್ತಗೆ, ಬೇಗ ಕೊಳೆಯುತ್ತವೆ. ಕೊಚ್ಚಿ ಹಾಕಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಹುಳದ ಕೆಲಸ ಮುಗಿಯುತ್ತದೆ.

ಅಡಿಕೆ ಸಿಪ್ಪೆ: ಹಣ್ಣಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಪ್ಪೆಯದೇ. ಕಾಸರಗೋಡು ಮತ್ತು ದಕ್ಷಿಣ ಕನ್ನಡದಲ್ಲಿ ಹೆಚ್ಚಾಗಿ ಚಾಲಿ ಮಾಡುವುದರಿಂದ ಸಿಗುವುದು ಚೆನ್ನಾಗಿ ಒಣಗಿದ, ನಾರು ತುಂಬಿದ ಸಿಪ್ಪೆ. ಇದನ್ನು ಮಾತ್ರ ರಾಶಿ ಹಾಕಿದರೆ ವರ್ಷ ಕಳೆದರೂ ಹಾಗೇ ಇರುತ್ತದೆ. ನೆನೆಸಿ, ಸೆಗಣಿ ಮತ್ತು ಹಸಿರು ಸೊಪ್ಪಿನೊಂದಿಗೆ ಬೆರೆಸಿದರೆ ಮಾತ್ರ ಕರಗುತ್ತದೆ. ಇನ್ನೊಂದು ವಿಷಯ: ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ಗೊನೆಗಳ ಸಿಪ್ಪೆಯಲ್ಲಿ ತಾಮ್ರದ ಅಂಶ ಇರಬಹುದು. ತಾಮ್ರ ಹೆಚ್ಚಾದರೆ ಎರೆಹುಳಕ್ಕೆ ವಿಷ. ಆದ್ದರಿಂದ ತೊಟ್ಟಿಗೆ ಪೂರ್ತಿ ಅಡಿಕೆ ಸಿಪ್ಪೆಯನ್ನೇ ತುಂಬಿಸಬಾರದು. ಮೂರರಲ್ಲಿ ಒಂದು ಪಾಲು ಸಿಪ್ಪೆ, ಉಳಿದದ್ದು ಸೋಗೆ, ಮಡಲು, ಸೊಪ್ಪು ಎಂದು ಇಟ್ಟುಕೊಳ್ಳುವುದು ಕ್ಷೇಮ.

ಕೊಕ್ಕೋ ತೊಗಟೆ: ಕಾಯಿಯ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ತೊಗಟೆ. ಪೊಟ್ಯಾಷ್ ಧಾರಾಳ. ಮಡಲಿನ ಗೊಬ್ಬರದಲ್ಲಿ ಕಡಿಮೆ ಇರುವುದೂ ಅದೇ. ಎರಡನ್ನೂ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಪ್ಪಾಗಿ ಕೊಳೆತ ರೋಗದ ಕಾಯಿಗಳನ್ನು ಮಾತ್ರ ಇದಕ್ಕೆ ಸೇರಿಸಬಾರದು.

ತೆಂಗಿನ ನಾರಿನ ಹುಡಿ: ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ನರ್ಸರಿಗೆ ಬಹಳ ಉಪಯುಕ್ತ. ಆದರೆ ಹಸಿ ಹುಡಿಯಲ್ಲಿ ಇಂಗಾಲ ಮತ್ತು ಸಾರಜನಕದ ಅನುಪಾತ ಸುಮಾರು 112ಕ್ಕೆ 1. ಇದು ಕೊಳೆಯುವಾಗ ಸೂಕ್ಷ್ಮಜೀವಿಗಳು ಸುತ್ತಲಿನ ಸಾರಜನಕವನ್ನು ಎಳೆದುಕೊಳ್ಳುತ್ತವೆ. ಗಿಡಕ್ಕೆ ಏನೂ ಉಳಿಯದೆ ಎಲೆ ಹಳದಿಯಾಗುತ್ತದೆ. ಆಲಪ್ಪುಳದ ಕಲವೂರಿನಲ್ಲಿರುವ ಕೇಂದ್ರೀಯ ನಾರು ಸಂಶೋಧನಾ ಸಂಸ್ಥೆ ರೂಪಿಸಿದ 'ಪಿತ್ ಪ್ಲಸ್' ಎಂಬ ಅಣಬೆ ಮಿಶ್ರಣ ಮತ್ತು ಯೂರಿಯಾ ಬಳಸಿದರೆ ಸುಮಾರು ಒಂದು ತಿಂಗಳಲ್ಲಿ ಈ ಅನುಪಾತ 24ಕ್ಕೆ 1ರಷ್ಟಕ್ಕೆ ಇಳಿಯುತ್ತದೆ. ಯೂರಿಯಾ ಬೇಡ ಎನ್ನುವವರು ಕೋಳಿಗೊಬ್ಬರ ಬಳಸುತ್ತಾರೆ. ಉಪ್ಪುನೀರಿನಲ್ಲಿ ನೆನೆಹಾಕಿದ ಸಿಪ್ಪೆಯ ಹುಡಿಯಾದರೆ ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಲೇಬೇಕು.

ಕಾಫಿ ಸಿಪ್ಪೆ: ವಯನಾಡಿನಲ್ಲಿ ಹೆಚ್ಚಿನವರು ರೋಬಸ್ಟಾವನ್ನು ಹಣ್ಣಿನಲ್ಲೇ ಒಣಗಿಸುವುದರಿಂದ ಅಲ್ಲಿ ಒಣ ಹೊಟ್ಟು ಹೆಚ್ಚು. ಪಲ್ಪಿಂಗ್ ಮಾಡುವಲ್ಲಿ ಹಸಿ ಸಿಪ್ಪೆ ಸಿಗುತ್ತದೆ. ಇದು ಹುಳಿ, ರಾಶಿ ಹಾಕಿದೊಡನೆ ಬಿಸಿಯೇರುತ್ತದೆ. ಹೊಳೆ, ತೋಡಿಗೆ ಬಿಟ್ಟರೆ ನೀರಿನ ಆಮ್ಲಜನಕ ಕಳೆದು ಮೀನು ಸಾಯುತ್ತದೆ. ಹುಳಕ್ಕೆ ನೇರವಾಗಿ ಹಾಕಿದರೆ ಹುಳವೂ ಸಾಯುತ್ತದೆ. ಮೊದಲು ರಾಶಿಯಲ್ಲಿ ಮಗುಚಿ ಮಗುಚಿ ತಣಿಸಿಕೊಳ್ಳಬೇಕು.

ಹುಳ ಯಾವುದು?

ತೋಟದ ಮಣ್ಣು ಅಗೆದಾಗ ಸಿಗುವ ಹುಳಗಳಲ್ಲಿ ಹೆಚ್ಚಿನವು ಮಣ್ಣು ತಿಂದು ಆಳಕ್ಕೆ ಇಳಿಯುವ ಜಾತಿಯವು. ಅವನ್ನು ತೊಟ್ಟಿಗೆ ತಂದು ಹಾಕಿದರೆ ಕೆಲಸ ಆಗುವುದಿಲ್ಲ. ಮೇಲ್ಪದರದಲ್ಲಿ ಇದ್ದು ಕಸ ತಿನ್ನುವ ಹುಳವೇ ಬೇಕು. ಸಿಪಿಸಿಆರ್‌ಐ ತೆಂಗಿನ ಮಡಲಿಗೆ ಆರಿಸಿದ್ದು ಯೂಡ್ರಿಲಸ್ ಜಾತಿಯ ಸ್ಥಳೀಯ ತಳಿಯನ್ನು. ಗಟ್ಟಿ ನಾರಿನ ಕಸವನ್ನೂ ಇದು ತಿನ್ನುತ್ತದೆ. ಕರಾವಳಿಯ ಸೆಕೆಗೆ ಒಗ್ಗುತ್ತದೆ, ಚಳಿಗೆ ಬಗ್ಗುತ್ತದೆ. ನೀಲಗಿರಿಯ ಎತ್ತರದ ಊರುಗಳಿಗೆ ಐಸೀನಿಯಾ ಫೆಟಿಡಾ ಎಂಬ ಕೆಂಪು ಹುಳ ಹೆಚ್ಚು ಸೂಕ್ತ. ಪೆರಿಯೋನಿಕ್ಸ್ ಎಂಬ ನಮ್ಮ ನಾಡಿನದೇ ಹುಳವನ್ನೂ ಬಳಸುವವರಿದ್ದಾರೆ.

ಒಂದು ಟನ್ ಕಸಕ್ಕೆ ಒಂದು ಕಿಲೋ, ಅಂದರೆ ಸುಮಾರು 1,000 ಹುಳ ಸಾಕು. ಎರಡು ಮೂರು ತಿಂಗಳಲ್ಲಿ ಅವು ತಾವಾಗಿ ಹೆಚ್ಚುತ್ತವೆ. ಒಮ್ಮೆ ಕೊಂಡರೆ ಮತ್ತೆ ಕೊಳ್ಳುವ ಅಗತ್ಯ ಬೀಳಬಾರದು. ಬಿದ್ದರೆ ತೊಟ್ಟಿಯ ಆರೈಕೆಯಲ್ಲಿ ಏನೋ ತಪ್ಪಿದೆ ಎಂದು ತಿಳಿಯಬೇಕು.

ತೊಟ್ಟಿ ಮತ್ತು ಮೊದಲ ಕೊಳೆತ

ಕೆಂಪುಕಲ್ಲಿನ ತೊಟ್ಟಿ, ಸಿಮೆಂಟಿನ ರಿಂಗ್, ಹಳೆಯ ಹಟ್ಟಿಯ ಮೂಲೆ, ಯಾವುದಾದರೂ ಆದೀತು. ಎರಡು ಕಟ್ಟುನಿಟ್ಟು ಇದೆ. ಒಂದು, ಮೇಲೆ ಮಾಡು ಇರಬೇಕು. ಕರಾವಳಿಯ ಮಳೆಗೆ ತೆರೆದ ಗುಂಡಿ ಒಂದೇ ದಿನದಲ್ಲಿ ಕೆರೆಯಾಗುತ್ತದೆ, ಹುಳ ಉಸಿರುಗಟ್ಟಿ ಹೊರಗೆ ಹೋಗುತ್ತದೆ. ಎರಡು, ತಳದಲ್ಲಿ ನೀರು ಇಳಿದುಹೋಗಲು ದಾರಿ ಇರಬೇಕು. ತೆಂಗಿನ ಸಿಪ್ಪೆಯನ್ನು ತಳದಲ್ಲಿ ಮಗುಚಿ ಹಾಸಿದರೆ ಹೆಚ್ಚಿನ ನೀರು ಇಳಿಯುತ್ತದೆ, ತೇವವೂ ಉಳಿಯುತ್ತದೆ. ಅಗಲ ನಾಲ್ಕು ಅಡಿ ಮೀರದಿದ್ದರೆ ಎರಡೂ ಬದಿಯಿಂದ ಕೈ ಎಟಕುತ್ತದೆ. ಎತ್ತರ ಎರಡೂವರೆ ಅಡಿ ಸಾಕು.

ಕಸವನ್ನು ಅರ್ಧ ಗೇಣಿನಷ್ಟು ಉದ್ದಕ್ಕೆ ಕೊಚ್ಚಿ ಪದರ ಪದರವಾಗಿ ಹಾಕಬೇಕು. ಪ್ರತಿ ಪದರದ ಮೇಲೆ ಸೆಗಣಿ ನೀರು ಚಿಮುಕಿಸಬೇಕು. ಸೆಗಣಿಯ ಪ್ರಮಾಣ ಕಸದ ತೂಕದ ಹತ್ತರಲ್ಲಿ ಒಂದು ಪಾಲು, ಅಂದರೆ ಒಂದು ಟನ್‌ಗೆ 100 ಕಿಲೋ. ಒಂದೋ ಎರಡೋ ದನ ಇರುವ ಮನೆಗೂ ಇದು ಭಾರವಲ್ಲ. ಗೋಬರ್ ಗ್ಯಾಸಿನ ಬಗ್ಗಡವೂ ಆಗುತ್ತದೆ. ಗ್ಲಿರಿಸಿಡಿಯಾ ಸೊಪ್ಪು ಇದ್ದರೆ ನಡುನಡುವೆ ಹಾಕಬಹುದು.

ಇಲ್ಲಿಂದ ಎರಡು ಮೂರು ವಾರ ಹುಳ ಬಿಡುವಂತಿಲ್ಲ. ಒಣ ಅಡಿಕೆ ಸಿಪ್ಪೆ, ಕಾಫಿ ಸಿಪ್ಪೆ ಸೇರಿದ್ದರೆ ಇನ್ನೂ ಹೆಚ್ಚು ದಿನ ಬೇಕು. ಈ ಅವಧಿಯಲ್ಲಿ ರಾಶಿ ಬಿಸಿಯೇರುತ್ತದೆ. ಈ ಬಿಸಿಯೂ ಕೆಲಸಕ್ಕೆ ಬರುವಂಥದೇ. ಕಳೆಯ ಬೀಜ ಮತ್ತು ರೋಗಾಣುಗಳು ಸಾಯಲು ರಾಶಿಯ ಒಳಗೆ 55 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ಕೆಲವು ದಿನ ನಿಲ್ಲಬೇಕು. ಹುಳ ಇರುವ ತೊಟ್ಟಿಯಲ್ಲಿ ಅಷ್ಟು ಬಿಸಿ ಬರುವುದೇ ಇಲ್ಲ, ಬಂದರೆ ಹುಳ ಉಳಿಯುವುದಿಲ್ಲ. ಆದ್ದರಿಂದ ಶುದ್ಧಿಯ ಕೆಲಸ ಆಗುವುದಿದ್ದರೆ ಈ ಮೊದಲ ಹಂತದಲ್ಲೇ ಆಗಬೇಕು. ತೊಟ್ಟಿಯ ತೆಳು ಪದರದಲ್ಲಿ ಬಿಸಿ ಸಾಕಷ್ಟು ಏರದು. ಸಂಶಯದ ಕಸವಿದ್ದರೆ ಹೊರಗೆ ಸೊಂಟದೆತ್ತರದ ರಾಶಿ ಮಾಡಿ, ವಾರಕ್ಕೆರಡು ಸಲ ಹೊರಗಿನದು ಒಳಗೆ ಬರುವಂತೆ ಮಗುಚಿ, ಆಮೇಲೆ ತೊಟ್ಟಿಗೆ ತರುವುದು ಒಳ್ಳೆಯದು.

ಬಿಸಿ ಇಳಿದಿದೆಯೇ ಎಂದು ನೋಡಲು ಕೈಯನ್ನು ಮೊಣಕೈವರೆಗೆ ರಾಶಿಯೊಳಗೆ ತೂರಿಸಿದರೆ ಸಾಕು. ತಣ್ಣಗಿದ್ದರೆ ಹತ್ತಿಪ್ಪತ್ತು ಹುಳ ಮಾತ್ರ ಒಂದು ಮೂಲೆಗೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಬೆಳಿಗ್ಗೆ ಅವು ಒಳಗೆ ಇಳಿದಿದ್ದರೆ ಉಳಿದವನ್ನೂ ಬಿಡಬಹುದು. ಗೋಡೆ ಹತ್ತಿದ್ದರೆ ಇನ್ನೊಂದು ವಾರ ತಡೆಯಬೇಕು.

ಹುಳ ಬಿಟ್ಟ ಮೇಲೆ

ಹಸಿ ಗೋಣಿ ಅಥವಾ ಸೋಗೆ ಮುಚ್ಚಿ ನೆರಳು ಕೊಡಬೇಕು. ನೀರಿನ ಅಳತೆ ಕೈಯಲ್ಲೇ ಇದೆ. ಒಂದು ಹಿಡಿ ಕಸ ತೆಗೆದು ಹಿಂಡಿದರೆ ಬೆರಳು ಒದ್ದೆಯಾಗಬೇಕು, ಆದರೆ ನೀರು ಧಾರೆಯಾಗಿ ಇಳಿಯಬಾರದು. ಬೇಸಿಗೆಯಲ್ಲಿ ದಿನಾ ಚಿಮುಕಿಸಬೇಕಾದೀತು, ಮಳೆಗಾಲದಲ್ಲಿ ವಾರಕ್ಕೊಮ್ಮೆಯೂ ಬೇಡವಾದೀತು. ಹುಳಿ ವಾಸನೆ ಬಂದರೆ ಗಾಳಿ ಸಾಲದು, ನೀರು ಹೆಚ್ಚಾಗಿದೆ ಎಂದು ಅರ್ಥ.

ಇರುವೆ, ಇಲಿ, ಹೆಗ್ಗಣ, ಕೋಳಿ, ಕಪ್ಪೆ ಇವೆಲ್ಲ ಹುಳದ ಶತ್ರುಗಳು. ತೊಟ್ಟಿಯ ಸುತ್ತ ಸಣ್ಣ ಕಾಲುವೆ ಮಾಡಿ ನೀರು ನಿಲ್ಲಿಸಿದರೆ ಇರುವೆ ಬರುವುದಿಲ್ಲ. ಆ ನೀರನ್ನು ವಾರಕ್ಕೊಮ್ಮೆ ಬದಲಿಸದಿದ್ದರೆ ಸೊಳ್ಳೆ ಬರುತ್ತದೆ. ಮೇಲೆ ಬಲೆ ಹಾಕಿದರೆ ಕೋಳಿ, ಹಕ್ಕಿಗಳಿಂದ ರಕ್ಷಣೆ. ಇರುವೆ ಪುಡಿಯಂತಹ ಕೀಟನಾಶಕಗಳನ್ನು ಹತ್ತಿರವೂ ತರಬಾರದು.

ತೆಂಗಿನ ಮಡಲಾದರೆ 75ರಿಂದ 90 ದಿನಗಳಲ್ಲಿ ಕಸದ ಗುರುತು ಸಿಗದಂತೆ ಕಪ್ಪು ಹರಳಿನ ಗೊಬ್ಬರವಾಗುತ್ತದೆ. ಆಗ ವಾರದ ಮಟ್ಟಿಗೆ ನೀರು ನಿಲ್ಲಿಸಬೇಕು. ಗೊಬ್ಬರವನ್ನು ನೆರಳಿನಲ್ಲಿ ಗೋಪುರದಂತೆ ರಾಶಿ ಹಾಕಿದರೆ ಬೆಳಕಿಗೆ ಹೆದರಿ ಹುಳ ಕೆಳಕ್ಕೆ ಇಳಿಯುತ್ತದೆ. ಮೇಲಿನಿಂದ ಗೊಬ್ಬರ ತೆಗೆಯುತ್ತಾ ಬಂದರೆ ಕೊನೆಗೆ ಬುಡದಲ್ಲಿ ಹುಳಗಳ ಮುದ್ದೆ ಸಿಗುತ್ತದೆ. ಅದು ಮುಂದಿನ ತೊಟ್ಟಿಗೆ. ಗೊಬ್ಬರವನ್ನು ಬಿಸಿಲಿಗೆ ಹಾಕಬಾರದು.

ಕುರುವಾಯಿಯ ಭಯ

ತೆಂಗು ಬೆಳೆಯುವ ಊರಿನಲ್ಲಿ ಗೊಬ್ಬರದ ರಾಶಿ ಎಂದರೆ ಕುರುವಾಯಿ ದುಂಬಿಗೂ ಮನೆಯೇ. ತೆಂಗಿನ ಸುಳಿ ಕೊರೆದು, ಬಿಡಿಸಿದ ಗರಿಯಲ್ಲಿ ಕತ್ತರಿಯಿಂದ ತ್ರಿಕೋನ ಕತ್ತರಿಸಿದ ಹಾಗೆ ಗುರುತು ಬಿಡುವ ಕೊಂಬಿನ ದುಂಬಿ ಇದು. ಮೊಟ್ಟೆ ಇಡುವುದು ಕೊಳೆಯುವ ಸೆಗಣಿ, ಮಡಲು, ಮರದ ಬೊಡ್ಡೆಯಲ್ಲಿ. ಗೊಬ್ಬರ ಮಾಡಲು ಹೋಗಿ ತೆಂಗಿಗೆ ಶತ್ರು ಸಾಕಿದಂತಾಗಬಾರದು.

ರಾಶಿ ಮಗುಚುವಾಗ ಬಾಗಿದ ಬೆರಳಿನಂತಹ ದಪ್ಪ ಬಿಳಿ ಹುಳು ಕಂಡರೆ ಆರಿಸಿ ಕೊಲ್ಲಬೇಕು. ಮೆಟಾರೈಜಿಯಂ ಎಂಬ ಹಸಿರು ಶಿಲೀಂಧ್ರವನ್ನು ಬೆರೆಸಿದರೆ ದುಂಬಿಯ ಮರಿಗಳು ರೋಗ ಬಂದು ಸಾಯುತ್ತವೆ, ಎರೆಹುಳಕ್ಕೆ ತೊಂದರೆಯಾಗದು. ತೊಟ್ಟಿಗೆ ಬಲೆ ಮುಚ್ಚುವುದರಿಂದ ರಾತ್ರಿ ಹಾರಿ ಬರುವ ದುಂಬಿಗೂ ತಡೆ. ಎಲ್ಲಕ್ಕಿಂತ ಮುಖ್ಯವಾಗಿ, ತಿಂಗಳುಗಟ್ಟಲೆ ಯಾರೂ ಮುಟ್ಟದ ರಾಶಿಯೇ ದುಂಬಿಗೆ ಇಷ್ಟ. ಮೂಲೆಯಲ್ಲಿ ಮರೆತು ಬಿಟ್ಟ ಸಿಪ್ಪೆ, ಸೆಗಣಿಗಿಂತ ನೋಡಿಕೊಳ್ಳುವ ತೊಟ್ಟಿ ಎಷ್ಟೋ ವಾಸಿ.

ಹಣ್ಣಾಯಿತೇ ಎಂದು ತಿಳಿಯುವುದು ಹೇಗೆ?

ಹುಳ ತೆಗೆದ ಗೊಬ್ಬರವನ್ನು ಜರಡಿ ಹಿಡಿದು, ಗೋಣಿಯಲ್ಲಿ ನೆರಳಿನಲ್ಲಿ ಎರಡು ಮೂರು ವಾರ ಇಡಬೇಕು. ತೋಟಕ್ಕೆ ಹಾಕುವವರಿಗೆ ಇದು ಬೇಡ, ಸಸಿ ಮಾಡುವವರಿಗೆ ಬೇಕು. ಆಮೇಲೆ ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು.

ಮೊದಲನೆಯದು ವಾಸನೆಯ ಪರೀಕ್ಷೆ. ಎರಡು ಹಿಡಿ ಗೊಬ್ಬರವನ್ನು ಸ್ವಲ್ಪ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡುವುದು. ಬಿಚ್ಚಿದಾಗ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಹಣ್ಣಾಗಿದೆ. ಹುಳಿ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಆಗಿಲ್ಲ.

ಎರಡನೆಯದು ಹೆಸರುಕಾಳಿನ ಪರೀಕ್ಷೆ. ಎರಡು ತೆಂಗಿನ ಗೆರಟೆ ತೆಗೆದುಕೊಂಡು ಒಂದರಲ್ಲಿ ನರ್ಸರಿಗೆಂದು ಮಾಡಿದ ಮಿಶ್ರಣ, ಇನ್ನೊಂದರಲ್ಲಿ ಒಳ್ಳೆಯ ತೋಟದ ಮಣ್ಣು ತುಂಬಿಸಿ, ತಲಾ 20 ಕಾಳು ಬಿತ್ತುವುದು. ವಾರದೊಳಗೆ ಮಿಶ್ರಣದಲ್ಲಿ ಮೊಳಕೆ ಕಡಿಮೆ ಬಂದರೆ, ಬೇರಿನ ತುದಿ ಕಂದಾದರೆ, ಎಲೆ ಹಳದಿಯಾದರೆ ಆ ಗೊಬ್ಬರ ಇನ್ನೂ ಕೊಳೆಯುತ್ತಿದೆ ಇಲ್ಲವೇ ಅದರಲ್ಲಿ ಉಪ್ಪು ಹೆಚ್ಚಿದೆ. 20 ಹೆಸರುಕಾಳು ಹೋದರೆ ನಷ್ಟವಿಲ್ಲ. 600 ಅಡಿಕೆ ಸಸಿ ಹೋದರೆ ಒಂದು ವರ್ಷವೇ ಹೋಯಿತು.

ಕೊಂಡು ತರುವ ಎರೆಗೊಬ್ಬರಕ್ಕೂ ಇದೇ ಪರೀಕ್ಷೆ ಹೊಂದುತ್ತದೆ. ಮಾರುವ ಗೊಬ್ಬರಕ್ಕೆ ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಗುಣಮಟ್ಟ ನಿಗದಿಯಾಗಿದೆ. ತೇವ ಶೇ. 15ರಿಂದ 25ರೊಳಗೆ ಇರಬೇಕು, ಕನಿಷ್ಠ ಶೇ. 90 ಭಾಗ 4 ಮಿ.ಮೀ. ಜರಡಿಯಲ್ಲಿ ಇಳಿಯಬೇಕು, ದುರ್ವಾಸನೆ ಇರಬಾರದು. ನೀರು ಸೋರುವ ಚೀಲಕ್ಕೆ ಹಣ ಕೊಟ್ಟರೆ ಅರ್ಧ ಹಣ ನೀರಿಗೆ ಕೊಟ್ಟಂತೆ.

ಮಿಶ್ರಣ: ಹೆಚ್ಚು ಹಾಕಿದರೆ ಹೆಚ್ಚು ಬೆಳೆಯುವುದಿಲ್ಲ

ಎರೆಗೊಬ್ಬರ ಒಳ್ಳೆಯದು ಎಂದು ಚೀಲಕ್ಕೆ ಪೂರ್ತಿ ಅದನ್ನೇ ತುಂಬಿಸುವುದು ಇನ್ನೊಂದು ತಪ್ಪು. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ತರಕಾರಿ ಮತ್ತು ಹೂವಿನ ಸಸಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಒಟ್ಟು ಮಿಶ್ರಣದ ಶೇ. 10ರಿಂದ 40ರಷ್ಟು ಎರೆಗೊಬ್ಬರ ಇದ್ದಾಗ ಬೆಳವಣಿಗೆ ಚೆನ್ನಾಗಿತ್ತು. ಅದಕ್ಕಿಂತ ಹೆಚ್ಚಿಸಿದಾಗ ಲಾಭ ಕಾಣಲಿಲ್ಲ, ಕೆಲವು ಗಿಡ ಕುಗ್ಗಿದವು. ಬರೀ ಎರೆಗೊಬ್ಬರ ನೀರು ಕುಡಿದು ಗಟ್ಟಿಯಾಗುತ್ತದೆ, ಬೇರಿಗೆ ಗಾಳಿ ಸಾಲದು.

ಅಡಿಕೆ: ಚೆನ್ನಾಗಿ ಬೆಳೆದ ಹಣ್ಣಡಿಕೆಯನ್ನು ತೊಟ್ಟು ಮೇಲೆ ಬರುವಂತೆ ಮರಳಿನ ಪಾತಿಯಲ್ಲಿ ಊರಿ, ಸುಮಾರು ಮೂರು ತಿಂಗಳಲ್ಲಿ ಎರಡು ಮೂರು ಎಲೆ ಬಂದಾಗ ಚೀಲಕ್ಕೆ ಬದಲಿಸುವುದು ರೂಢಿ. ಚೀಲಕ್ಕೆ ಶಿಫಾರಸು ಮೇಲ್ಮಣ್ಣು 7, ಹಟ್ಟಿಗೊಬ್ಬರ 3, ಮರಳು 2 ಪಾಲು. ಹಟ್ಟಿಗೊಬ್ಬರದ ಮೂರು ಪಾಲಿಗೆ ಬದಲು ಹಣ್ಣಾದ ಎರೆಗೊಬ್ಬರ ಹಾಕಿದರೆ ಒಟ್ಟಿನಲ್ಲಿ ಕಾಲುಭಾಗವಾಗುತ್ತದೆ. ಮೇಲೆ ಹೇಳಿದ ಮಿತಿಯೊಳಗೆ ಇದು ಸರಿಯಾಗಿ ಕೂರುತ್ತದೆ.

ಕಾಳುಮೆಣಸು: ಇದರ ನರ್ಸರಿಯಲ್ಲಿ ಮಣ್ಣೇ ಅಪಾಯ. ಸೊರಗು ರೋಗದ ಶಿಲೀಂಧ್ರ ಮತ್ತು ಬೇರಿನ ಜಂತುಹುಳ ಮಣ್ಣಿನಲ್ಲೇ ಬರುತ್ತವೆ. ನರ್ಸರಿಯಲ್ಲಿ ಹತ್ತಿದ ರೋಗ ಬಳ್ಳಿಯ ಜತೆ ತೋಟಕ್ಕೆ ಹೋಗುತ್ತದೆ. ಕೋಯಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ಕಂಬದಂತಹ ಬಲೆಯ ಗೂಡಿನಲ್ಲಿ ಬಳ್ಳಿ ಹಬ್ಬಿಸಿ ಸಸಿ ಮಾಡುವ ಕ್ರಮವನ್ನು ರೂಪಿಸಿದೆ. ಅದರಲ್ಲಿ ಮಣ್ಣೇ ಇಲ್ಲ. ಅರೆ ಕೊಳೆಸಿ ಬಿಸಿಯಲ್ಲಿ ಶುದ್ಧಿ ಮಾಡಿದ ನಾರಿನ ಹುಡಿ ಮೂರು ಪಾಲು, ಎರೆಗೊಬ್ಬರ ಒಂದು ಪಾಲು, ಜತೆಗೆ ಟ್ರೈಕೋಡರ್ಮಾ.

ಶುಂಠಿ: ಒಂದೊಂದೇ ಮೊಳಕೆ ಇರುವ ಸುಮಾರು 5 ಗ್ರಾಂ ತುಂಡುಗಳನ್ನು ಇದೇ ಮೂರಕ್ಕೆ ಒಂದರ ಮಿಶ್ರಣ ತುಂಬಿದ ಟ್ರೇಗಳಲ್ಲಿ ಬೆಳೆಸಿ, 30ರಿಂದ 40 ದಿನಗಳಲ್ಲಿ ನಾಟಿ ಮಾಡಬಹುದು. ಬಿತ್ತನೆ ಗೆಡ್ಡೆಯ ಖರ್ಚು ಬಹಳ ಇಳಿಯುತ್ತದೆ. ವಯನಾಡಿನ ಶುಂಠಿ ಬೆಳೆಗಾರರಿಗೆ ಇದು ಗಮನಿಸಬೇಕಾದ ವಿಷಯ.

ಎರೆಗೊಬ್ಬರ ಔಷಧಿಯಲ್ಲ ಎಂಬುದನ್ನೂ ನೆನಪಿಡಬೇಕು. ಅದು ಬೇರು ಬೆಳೆಸುತ್ತದೆ, ಒಳ್ಳೆಯ ಸೂಕ್ಷ್ಮಜೀವಿಗಳನ್ನು ತರುತ್ತದೆ. ಹಳದಿ ಎಲೆ ರೋಗವನ್ನೋ ಎಲೆಚುಕ್ಕಿಯನ್ನೋ ಗುಣಪಡಿಸುವುದಿಲ್ಲ. ಸಸಿ ಹಳದಿಯಾದರೆ ಕೂಡಲೇ ರೋಗ ಎಂದು ಗಾಬರಿಯಾಗುವ ಮೊದಲು ಚೀಲದ ಮಿಶ್ರಣ ಸರಿಯಾಗಿ ಕೊಳೆತಿತ್ತೇ ಎಂದು ನೋಡುವುದು ಒಳ್ಳೆಯದು.

ಒಂದು ಎಕರೆಯ ಲೆಕ್ಕ

ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 550 ಅಡಿಕೆ ಗಿಡ ಹಿಡಿಯುತ್ತದೆ. ಹೋದದ್ದು ಬಂದದ್ದು ಸೇರಿ 600 ಸಸಿ ಎಂದಿಟ್ಟುಕೊಳ್ಳೋಣ. ಹತ್ತಕ್ಕೆ ಆರು ಇಂಚಿನ ಪಾಲಿಥೀನ್ ಚೀಲವೊಂದಕ್ಕೆ ಸುಮಾರು 1.6 ಲೀಟರ್ ಮಿಶ್ರಣ ಬೇಕು. 600 ಚೀಲಕ್ಕೆ ಸುಮಾರು 960 ಲೀಟರ್. ಅದರ ಕಾಲುಭಾಗ 240 ಲೀಟರ್ ಎರೆಗೊಬ್ಬರ, ತೂಕದಲ್ಲಿ 170ರಿಂದ 200 ಕಿಲೋ. ಶೇ. 70ರಷ್ಟು ಇಳುವರಿ ಹಿಡಿದರೆ 300 ಕಿಲೋ ಕಸ ಮತ್ತು 30 ಕಿಲೋ ಸೆಗಣಿ ಸಾಕು. ಇಷ್ಟು ಕಸ ಇಲ್ಲದ ಅಡಿಕೆ ಕೃಷಿಕರ ಮನೆ ಈ ಸೀಮೆಯಲ್ಲಿ ಇರಲಾರದು. ಹಾಗಾಗಿ ದೊಡ್ಡ ಶೆಡ್, ಸಾಲ, ಸಬ್ಸಿಡಿ ಎಂದು ಕಾಯಬೇಕಾಗಿಲ್ಲ. ಆರು ಅಡಿ ಉದ್ದ, ಮೂರು ಅಡಿ ಅಗಲದ ಒಂದು ತೊಟ್ಟಿಯನ್ನು ಕಸ ಕುಗ್ಗಿದ ಹಾಗೆ ಮತ್ತೆ ತುಂಬುತ್ತಾ ಬಂದರೆ ಮನೆಯ ಅಗತ್ಯ ತೀರುತ್ತದೆ.

ದಿನದ ಲೆಕ್ಕ ಮಾತ್ರ ಹಿಂದಿನಿಂದ ಹಾಕಬೇಕು. ಚೀಲ ತುಂಬುವುದು ಮೇ ಕೊನೆಯಲ್ಲಿ ಎಂದಾದರೆ ಗೊಬ್ಬರ ಮಾಗಲು ಮೂರು ವಾರ, ಹುಳಕ್ಕೆ ಮೂರು ತಿಂಗಳು, ಮೊದಲ ಕೊಳೆತಕ್ಕೆ ಮೂರು ವಾರ. ಒಟ್ಟು ನಾಲ್ಕೂವರೆ ತಿಂಗಳು. ಮಡಲು, ಸೋಗೆ ಮಾತ್ರ ಆದರೆ ಜನವರಿ ಮೊದಲ ವಾರದಲ್ಲಿ ತೊಟ್ಟಿ ತುಂಬಬೇಕು. ಅಡಿಕೆ ಸಿಪ್ಪೆ ಸೇರಿಸುವುದಾದರೆ ಮಳೆಗಾಲದಲ್ಲಿ ಸುಲಿದ ಸಿಪ್ಪೆಯನ್ನು ಆಗಲೇ ನೆನೆಯಲು ಬಿಟ್ಟು, ಅಕ್ಟೋಬರಿನಲ್ಲಿ ಸೆಗಣಿ, ಸೊಪ್ಪು ಬೆರೆಸಿ ರಾಶಿ ಮಾಡಬೇಕು. ಸಿಪ್ಪೆಯ ಕಂದು ನೀರು ಬಾವಿಗೆ, ತೋಡಿಗೆ ಹರಿಯದಂತೆ ನೋಡಿಕೊಳ್ಳಬೇಕು. ಏಪ್ರಿಲಿನಲ್ಲಿ ನೆನಪಾಗಿ ತೊಟ್ಟಿ ತುಂಬಿದವರು ಜೂನಿನಲ್ಲಿ ಹಸಿ ಗೊಬ್ಬರ ತುಂಬಿಸುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿಂದಲೇ.

ಬೇರೆ ಗಡಿ ಸೀಮೆಗಳಲ್ಲಿ

ಅಡಿಕೆ, ತೆಂಗು ಇಲ್ಲದ ಗಡಿನಾಡುಗಳಲ್ಲೂ ಈ ಕ್ರಮ ನಡೆಯುತ್ತದೆ, ಕಸ ಮಾತ್ರ ಬೇರೆ. ಸೋಲಾಪುರದ ಕಡೆ ಸಕ್ಕರೆ ಕಾರ್ಖಾನೆಗಳ ಮಡ್ಡಿ ಧಾರಾಳ. ಅದನ್ನು ಹಸಿಯಾಗಿ ಹಾಕಿದರೆ ಬಿಸಿಯೇರುತ್ತದೆ, ಮೊದಲ ಕೊಳೆತ ಅಲ್ಲಿ ಇನ್ನೂ ಮುಖ್ಯ. ಮಡಕಶಿರಾ ಭಾಗದಲ್ಲಿ ರೇಷ್ಮೆ ಮನೆಯ ಹಿಕ್ಕೆ, ಉಳಿದ ಹಿಪ್ಪುನೇರಳೆ ಕಡ್ಡಿ, ಶೇಂಗಾ ಹೊಟ್ಟು ಇವೆ. ಹಿಕ್ಕೆಯಲ್ಲಿ ಸಾರಜನಕ ಹೆಚ್ಚು, ಹೊಟ್ಟಿನಲ್ಲಿ ಕಡಿಮೆ, ಎರಡೂ ಸೇರಿದರೆ ಸಮ. ಆದೋನಿಯಲ್ಲಿ ಹತ್ತಿ ಜಿನ್ನಿಂಗ್ ಕಸ ಸಿಗುತ್ತದೆ. ಹತ್ತಿಗೆ ಹೊಡೆದ ಔಷಧಿ ಅದರಲ್ಲಿ ಉಳಿದಿರಬಹುದಾದ್ದರಿಂದ ಚೆನ್ನಾಗಿ ಕೊಳೆಸಿ, ಕೆಲವೇ ಹುಳ ಬಿಟ್ಟು ನೋಡಿಯೇ ಮುಂದುವರಿಯಬೇಕು. ಒಣ ಸೀಮೆಯಲ್ಲಿ ಮಳೆಯ ಭಯವಿಲ್ಲ, ಬಿಸಿಲಿನ ಭಯ ಉಂಟು. ಅಲ್ಲಿ ನೆಲದ ಮೇಲಿನ ತೊಟ್ಟಿಗಿಂತ ನೆರಳಿನ ಕೆಳಗೆ ತಗ್ಗು ತೆಗೆದು ಮಾಡಿದರೆ ತಂಪು ಉಳಿಯುತ್ತದೆ.

ಎಲ್ಲಿ ಕೇಳಬೇಕು?

ಕಾಸರಗೋಡಿನ ಕೃಷಿಕರಿಗೆ ಪಂಚಾಯತಿನ ಕೃಷಿ ಭವನ ಹತ್ತಿರದ ಜಾಗ. ಕೃಷಿ ವಿಜ್ಞಾನ ಕೇಂದ್ರ ಸಿಪಿಸಿಆರ್‌ಐ ಆವರಣದಲ್ಲೇ ಇದೆ. ಕೇರಳ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳು ಪಿಲಿಕೋಡಿನಲ್ಲೂ ವಯನಾಡಿನ ಅಂಬಲವಯಲಿನಲ್ಲೂ ಇವೆ. ದಕ್ಷಿಣ ಕನ್ನಡದವರಿಗೆ ವಿಟ್ಲದಲ್ಲಿ ಸಿಪಿಸಿಆರ್‌ಐ ಪ್ರಾದೇಶಿಕ ಕೇಂದ್ರವಿದೆ.

ಕೇರಳದ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿ ಇರುವುದರಿಂದ ಕೆಲವು ಮಾತು ತಿಳಿದಿದ್ದರೆ ಅನುಕೂಲ. ಎರೆಹುಳಕ್ಕೆ ಅಲ್ಲಿ 'ಮಣ್ಣಿರ', ಎರೆಗೊಬ್ಬರಕ್ಕೆ 'ಮಣ್ಣಿರ ಕಂಪೋಸ್ಟ್', ನಾರಿನ ಹುಡಿಗೆ 'ಚಕಿರಿಚ್ಚೋರ್', ಸಿಪ್ಪೆಗೆ 'ತೊಂಡ್', ಸೆಗಣಿಗೆ 'ಚಾಣಕಂ', ಸಸಿಗೆ 'ತೈ', ಕುರುವಾಯಿಗೆ 'ಕೊಂಬನ್ ಚೆಲ್ಲಿ' ಎನ್ನುತ್ತಾರೆ.

ಈ ವರ್ಷ ಸಸಿ ಮಾಡಬೇಕೆಂದಿರುವವರು ಮೊದಲು ಒಂದು ಸಿಮೆಂಟ್ ರಿಂಗಿನಲ್ಲಿ ಮಾಡಿ ನೋಡಲಿ. 50 ಚೀಲ ಎರೆಗೊಬ್ಬರದ ಮಿಶ್ರಣದಲ್ಲಿ, 50 ಚೀಲ ವಾಡಿಕೆಯ ಹಟ್ಟಿಗೊಬ್ಬರದಲ್ಲಿ ಬೆಳೆಸಿ ಅಕ್ಕಪಕ್ಕ ಇಡಲಿ. ಅಡಿಕೆ ಸಸಿ ನಾಟಿಗೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರಲ್ಲಿ ಎಲೆಯ ಸಂಖ್ಯೆ, ಬುಡದ ದಪ್ಪ, ಚೀಲ ಬಿಚ್ಚಿದಾಗ ಕಾಣುವ ಬೇರು ನೋಡಿದರೆ ಯಾವುದು ತಮ್ಮ ಮಣ್ಣಿಗೆ ಹೊಂದಿತು ಎಂಬುದು ಅವರವರಿಗೇ ತಿಳಿಯುತ್ತದೆ.